ನಿಮಗಿದು ಗೊತ್ತೇ? ತೂಬಿನಿಂದ ಡ್ರಿಪ್ಪರ್‌ವರೆಗೆ

ಕೊಳವೆಬಾವಿ ಕೊರೆಸಿದವರ ಬಾಯಲ್ಲಿ ‘ಎರಡು ಇಂಚು ನೀರು ಬಿತ್ತು’, ‘ನಾಲ್ಕು ಇಂಚು ಸಿಕ್ಕಿತು’ ಎಂಬ ಮಾತು ಕೇಳಿರುತ್ತೀರಿ. ನಾಲ್ಕು ಇಂಚಿನ ಬಾವಿಯಲ್ಲಿ ಎರಡು ಇಂಚಿನ ಬಾವಿಗಿಂತ ಎಷ್ಟು ಹೆಚ್ಚು ನೀರಿರುತ್ತದೆ? ಐದೂವರೆ ಪಟ್ಟಿಗೂ ಹೆಚ್ಚು! ಈ ಇಂಚು ಪೈಪಿನ ಅಗಲದ್ದಲ್ಲ. ಮೇಲೆ ಬಂದ ನೀರನ್ನು ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡಿನ ಕಚ್ಚಿನ ಮೂಲಕ ಹರಿಸಿ, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಅಳೆಯುತ್ತಾರೆ. ನೀರು ಮೇಲೇರಿದಂತೆಲ್ಲ ಕಚ್ಚು ಅಗಲವಾಗುತ್ತದೆ, ಹರಿವಿನ ವೇಗವೂ ಹೆಚ್ಚುತ್ತದೆ. ಹಾಗಾಗಿ 90 ಡಿಗ್ರಿಯ ಕಚ್ಚಿನಲ್ಲಿ ಎರಡು ಇಂಚು ನಿಂತರೆ ಗಂಟೆಗೆ ಸುಮಾರು 2,900 ಲೀಟರ್, ನಾಲ್ಕು ಇಂಚು ನಿಂತರೆ ಸುಮಾರು 16,000 ಲೀಟರ್.

ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1,02,800 ಲೀಟರ್ ನೀರು. ಅಷ್ಟನ್ನೇ ಎರಡು ಇಂಚಿನ ಬೋರ್‌ವೆಲ್‌ನಿಂದ ಹಾಯಿಸಬೇಕಾದರೆ ಪಂಪು 35 ಗಂಟೆ ಓಡಬೇಕು. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕರೆಂಟು ತಪ್ಪದೆ ಬಂದರೂ ಐದು ದಿನದ ಕೆಲಸ. ಒಂದು ಹದಮಳೆಗೆ ಮುಖ ಅರಳಿಸುವ ರೈತನ ಸಂತೋಷದ ಹಿಂದೆ ಇಷ್ಟು ದೊಡ್ಡ ಲೆಕ್ಕವಿದೆ.

ಅದೇ ಬೋರ್‌ವೆಲ್‌ಗೆ ಹನಿ ನೀರಾವರಿ ಜೋಡಿಸಿ ನೋಡಿ. ಎಕರೆಗೆ 70 ತೆಂಗಿನ ಮರ, ಮರಕ್ಕೆ ದಿನಕ್ಕೆ 60 ಲೀಟರ್ ಎಂದು ಹಿಡಿದರೆ ಒಟ್ಟು 4,200 ಲೀಟರ್ ಸಾಕು. ಒಂದೂವರೆ ಗಂಟೆಯಲ್ಲಿ ತೋಟದ ನೀರು ಮುಗಿಯುತ್ತದೆ. ಬಾವಿಯೂ ಅದೇ, ನೀರೂ ಅದೇ. ಬೇರೆಯಾಗಿದ್ದು ಹಂಚಿದ ರೀತಿ ಮಾತ್ರ. ನೀರಾವರಿಯ ಚರಿತ್ರೆಯುದ್ದಕ್ಕೂ ನೀರು ತಂದವರ ಹೆಸರೇ ಹೆಚ್ಚು ಕೇಳಿಬರುತ್ತದೆ. ನೀರನ್ನು ಅಳೆದು, ತಡೆದು, ಹಂಚಿದವರ ಕೌಶಲ ಅದಕ್ಕಿಂತ ದೊಡ್ಡದು ಎಂಬುದು ಈ ಅಂಕಣದ ಪಕ್ಷಪಾತ.

ಮನುಷ್ಯರು ಜಗತ್ತಿನಾದ್ಯಂತ ನದಿ, ಕೆರೆ, ಅಂತರ್ಜಲದಿಂದ ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ 70ರಷ್ಟು ಹೋಗುವುದು ಹೊಲಗದ್ದೆಗೆ. ಅಂತರ್ಜಲದ ವಿಷಯಕ್ಕೆ ಬಂದರೆ ಭಾರತವೇ ಮೊದಲು: ಜಗತ್ತು ಎತ್ತುವ ಒಟ್ಟು ಅಂತರ್ಜಲದ ಕಾಲು ಭಾಗದಷ್ಟನ್ನು ನಾವೊಬ್ಬರೇ ಎತ್ತುತ್ತೇವೆ.

ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. 1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇಲ್ಲಿನ ಕೆರೆಗಳ ಬಗ್ಗೆ ಬರೆದ ವರದಿಯಲ್ಲಿ, ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಒಳ್ಳೆಯ ಜಾಣ್ಮೆಯೇ ಬೇಕು ಎಂಬರ್ಥದ ಮಾತು ಬರೆದ. ಮೇಲಿನ ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಮತ್ತೊಂದಕ್ಕೆ. ಹೀಗೆ ಸರಣಿಯಾಗಿ ಕಟ್ಟಿದ ಕೆರೆಗಳಲ್ಲಿ ಒಂದು ಹನಿಯೂ ವ್ಯರ್ಥವಾಗುತ್ತಿರಲಿಲ್ಲ. ಈಗ ಸರಣಿಯ ಮಧ್ಯದ ಒಂದು ರಾಜಕಾಲುವೆ ಒತ್ತುವರಿಯಾದರೆ ಸಾಕು, ಕೆಳಗಿನ ನಾಲ್ಕು ಕೆರೆ ಮಳೆಗಾಲದಲ್ಲೂ ಬರಿದು.

ಕೆರೆ ಕಟ್ಟಲು ಏನೇನು ಬೇಕು ಎಂಬ ಪಟ್ಟಿ ಕಲ್ಲಿನ ಮೇಲೆ ಕೊರೆದಿರುವುದು ಗೊತ್ತೇ? ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವಿದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ ಅಲ್ಲಿ ಕಟ್ಟಿಸಿದ ಕೆರೆಯ ದಾಖಲೆ ಅದು. ದಿನಕ್ಕೆ ಸಾವಿರ ಕೂಲಿಯಾಳು, ನೂರು ಬಂಡಿ, ಎರಡು ವರ್ಷದ ದುಡಿಮೆ ಎಂದು ಲೆಕ್ಕ ಕೊಟ್ಟು, ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕು ಎನ್ನುತ್ತದೆ. ಧರ್ಮಬುದ್ಧಿಯ ದೊರೆ, ಜಲಶಾಸ್ತ್ರ ಬಲ್ಲವ, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಉದ್ದನೆಯ ಕಲ್ಲು ಸಿಗುವ ಗಣಿ, ಪಳಗಿದ ಕೆಲಸಗಾರರ ತಂಡ ಎಲ್ಲವೂ ಆ ಪಟ್ಟಿಯಲ್ಲಿವೆ. ಅದಾದ ಮೇಲೆ ಆರು ದೋಷಗಳು: ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆ ಇದ್ದು ಜಮೀನು ಹೆಚ್ಚಿರುವುದು, ನೀರು ಹೆಚ್ಚಿದ್ದು ಜಮೀನು ಕಡಿಮೆ ಇರುವುದು. ಉಳಿದ ಇನ್ನೊಂದನ್ನು ಓದಿದಾಗ ಯಾರಾದರೂ ಒಮ್ಮೆ ನಿಲ್ಲಲೇಬೇಕು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟಬಾರದು ಎನ್ನುತ್ತದೆ ಅದು.

ಅದಕ್ಕೂ ಸುಮಾರು ಸಾವಿರ ವರ್ಷ ಹಿಂದೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮ ಕೆರೆ ಮಾಡಿಸಿದ್ದನ್ನು ಬಂಡೆಯ ಮೇಲೆ ಬರೆಸಿದ್ದಾನೆ. ತಾಳಗುಂದದ ಶಾಸನವೂ ಕಾಕುತ್ಸ್ಥವರ್ಮ ದೇವಾಲಯದ ಬಳಿ ತೋಡಿಸಿದ ಕೆರೆಯ ವಿಷಯವನ್ನೇ ಹೇಳುತ್ತದೆ. ಕನ್ನಡ ನಾಡಿನ ಮೊದಮೊದಲ ಅರಸರ ದಾಖಲೆಗಳಲ್ಲೇ ಕೆರೆ ಇದೆ.

ಎಂಜಿನಿಯರನ ಹೆಸರು ಶಾಸನದಲ್ಲಿ ಉಳಿಯುವುದು ಅಪರೂಪ. 1388ರ ಗೌರಿಬಿದನೂರು ಸೀಮೆಯ ಶಾಸನದಲ್ಲಿ ಸಿಂಗಾಯಭಟ್ಟ ಉಳಿದಿದ್ದಾನೆ. ಹೆನ್ನೆ, ಅಂದರೆ ಪೆನ್ನಾರ್ ಹೊಳೆಯ ನೀರನ್ನು ಕಾಲುವೆ ತೆಗೆದು ಪೆನುಗೊಂಡೆಯ ಕಡೆಗೆ ತಂದ ಈತನನ್ನು ಶಾಸನ ಕರೆಯುವುದು ‘ಜಲಸೂತ್ರ’ ಬಲ್ಲವನೆಂದು.

ಕೆರೆ ಕಟ್ಟಿಸುವುದು ಒಂದು ಸಲದ ಕೆಲಸ. ಹೂಳು ತೆಗೆಯುವುದು, ಏರಿ ಬಿರುಕು ಬಿಡದಂತೆ ಕಾಯುವುದು ಪ್ರತಿವರ್ಷದ್ದು. ಅದಕ್ಕೆ ಹಣ ಎಲ್ಲಿಂದ? ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂದು ಬೇರೆ ಬೇರೆ ಹೆಸರಿನಲ್ಲಿ ಕೆರೆಯ ಕೆಳಗಿನ ಜಮೀನಿನ ಒಂದು ಪಾಲನ್ನೋ ಅದರ ಹುಟ್ಟುವಳಿಯನ್ನೋ ಕೆರೆಯ ದುರಸ್ತಿಗೆಂದೇ ಬಿಟ್ಟುಕೊಡುತ್ತಿದ್ದರು. ಕೆರೆ ಬತ್ತಿದರೆ ಆ ಜಮೀನೂ ಬೀಳು ಬೀಳುತ್ತದೆ, ಹಾಗಾಗಿ ದುರಸ್ತಿ ತಾನಾಗಿ ನಡೆಯುತ್ತಿತ್ತು. ಯೋಜನೆ ರೂಪಿಸುವವರು ಇಂದಿಗೂ ಕುಳಿತು ಓದಬೇಕಾದ ಏರ್ಪಾಡು ಇದು.

ಈಗ ತೂಬಿನ ಹತ್ತಿರ ಬನ್ನಿ. ಹಳೆಯ ಕೆರೆಯ ಏರಿಯಿಂದ ತುಸು ಒಳಗೆ, ನೀರಿನಲ್ಲಿ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡ ಹಾಕಿದ ಹಾಸುಗಲ್ಲು ಕಾಣುತ್ತದೆ. ಹಾಸುಗಲ್ಲಿನ ರಂಧ್ರದಲ್ಲಿ ಒಂದು ಕಂಬಿ ಇಳಿದು ತಳದ ಕಲ್ಲಿನ ತೂತನ್ನು ಬಿರಡೆಯಂತೆ ಮುಚ್ಚಿರುತ್ತದೆ. ಕಂಬಿಯನ್ನು ಎಷ್ಟು ಎತ್ತಿದರೆ ಎಷ್ಟು ನೀರು ಎಂಬುದು ಊರಿಗೆ ನೀರು ಹಂಚುವ ನೀರಗಂಟಿಯ ಕೈಗೆ ಗೊತ್ತು. ಅವನಲ್ಲದೆ ಬೇರೆ ಯಾರೂ, ಊರ ಗೌಡನೂ, ತೂಬು ಎತ್ತುವಂತಿರಲಿಲ್ಲ. ಗದ್ದೆಯ ಪಾಲು ಮುಗಿಯುತ್ತಿದ್ದಂತೆ ಅವನೇ ಮಡೆ ಕಟ್ಟಿ ಮುಂದಿನ ಗದ್ದೆಗೆ ನೀರು ತಿರುಗಿಸುತ್ತಿದ್ದ. ಸುಗ್ಗಿಯಲ್ಲಿ ಕಣದಿಂದ ಆಯದ ಧಾನ್ಯ ಅವನ ಸಂಬಳ. ಕೋಲಾರದಂಥ ಸೀಮೆಯಲ್ಲಿ ಈ ಕೆಲಸ ಹೆಚ್ಚಾಗಿ ಇದ್ದದ್ದು ದಲಿತ ಮನೆತನಗಳಲ್ಲಿ. ಊರ ಬಾವಿಯನ್ನು ಮುಟ್ಟಗೊಡದ ಸಮಾಜ, ಊರಿನ ಅನ್ನದ ನೀರನ್ನು ಪಕ್ಷಪಾತವಿಲ್ಲದೆ ಹಂಚಲು ಅವರನ್ನೇ ನೆಚ್ಚಿತ್ತು. ನೀರಗಂಟಿಯನ್ನು ನೆನೆಯುವಾಗ ಈ ಅನ್ಯಾಯವನ್ನೂ ನೆನೆಯದೆ ಹೋಗುವುದು ಸರಿಯಲ್ಲ.

ನೀರು ಹಂಚಿಕೆಯ ಇಂಥದ್ದೇ ನ್ಯಾಯ ಬೇರೆಡೆಯೂ ಇದೆ. ಸ್ಪೇನ್‌ನ ವಲೆನ್ಸಿಯಾ ನಗರದ ಕೆಥೆಡ್ರಲ್ ಬಾಗಿಲಲ್ಲಿ ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ನೀರಿನ ಪಂಚಾಯಿತಿ ಸೇರುತ್ತದೆ. ಕಾಲುವೆಗಳ ರೈತರು ಆರಿಸಿ ಕಳಿಸಿದ ರೈತರೇ ನ್ಯಾಯಾಧೀಶರು. ವಕೀಲರಿಲ್ಲ, ಕಡತವಿಲ್ಲ, ವಾದವೆಲ್ಲ ಬಾಯಿಮಾತಿನದು, ತೀರ್ಪು ಅಲ್ಲೇ. ಮಧ್ಯಯುಗದಿಂದ ನಡೆದುಬಂದ ಈ ಪದ್ಧತಿಯನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಪರಂಪರೆ ಎಂದು ಮಾನ್ಯ ಮಾಡಿತು.

ಒಮಾನ್ ದೇಶದಲ್ಲಿ ಕಾಲುವೆ ನೀರಿನ ಸರದಿಯನ್ನು ಹಗಲು ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ನಿರ್ಧರಿಸುತ್ತಿದ್ದರು. ಇಂತಿಂಥ ನಕ್ಷತ್ರ ಹುಟ್ಟಿದಾಗ ಇಂತಿಂಥವರ ತೋಟಕ್ಕೆ ನೀರು.

ಬಾಲಿ ದ್ವೀಪದಲ್ಲಿ ಭತ್ತದ ಗದ್ದೆಗಳ ನೀರಿನ ಸರದಿಯನ್ನು ತೀರ್ಮಾನಿಸುವುದು ‘ಸುಬಾಕ್’ ಎಂಬ ರೈತಕೂಟ, ಅದರ ಕೇಂದ್ರ ನೀರಿನ ದೇಗುಲ. ಒಂದು ಬಯಲಿನವರೆಲ್ಲ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಗದ್ದೆ ಒಣಗಿಸುತ್ತಾರೆ. ಆ ಬಿಡುವಿನಲ್ಲಿ ತಿನ್ನಲು ಏನೂ ಸಿಗದೆ ಕೀಟಗಳೂ ಕಡಿಮೆಯಾಗುತ್ತವೆ. ನೀರಿನ ಒಪ್ಪಂದದಲ್ಲೇ ಕೀಟನಾಶಕವೂ ಸೇರಿದೆ ಎನ್ನಬೇಕು.

ಪಕ್ಕದ ಹೊಲದವನು ಬದು ಕಟ್ಟದೆ ಬಿಟ್ಟು ನಿಮ್ಮ ಬೆಳೆ ಮುಳುಗಿತೇ? ಸುಮಾರು 3,750 ವರ್ಷ ಹಿಂದಿನ ಬ್ಯಾಬಿಲೋನಿನ ಹಮ್ಮುರಾಬಿಯ ಕಾನೂನಿನ ಪ್ರಕಾರ ನಷ್ಟವಾದ ಧಾನ್ಯವನ್ನು ಅವನೇ ತುಂಬಿಕೊಡಬೇಕು.

ಹೊಳೆಯೂ ಕೆರೆಯೂ ಇಲ್ಲದ ಗುಡ್ಡದಲ್ಲಿ ತೋಟ ಮಾಡುವುದು ಹೇಗೆ? ದಕ್ಷಿಣ ಕನ್ನಡ, ಕಾಸರಗೋಡಿನವರ ಉತ್ತರ ಸುರಂಗ. ಜಂಬಿಟ್ಟಿಗೆಯ ಗುಡ್ಡದ ಪಕ್ಕಕ್ಕೆ, ಒಬ್ಬ ಆಳು ಬಗ್ಗಿ ನಡೆಯುವಷ್ಟು ಅಗಲಕ್ಕೆ, ಅಡ್ಡಡ್ಡವಾಗಿ ಕೊರೆಯುತ್ತ ಹೋಗುತ್ತಾರೆ. ಪಿಕಾಸಿಯಿಂದ ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊರಹಾಕಬೇಕು. ಒಳಗೆ ಹೋದಷ್ಟೂ ಕತ್ತಲೆ, ಉಸಿರಿಗೆ ಗಾಳಿಯೂ ಕಡಿಮೆ. ಗೋಡೆ ಒದ್ದೆಯಾಗುತ್ತ ಬಂದರೆ ಆಸೆ ಹುಟ್ಟುತ್ತದೆ. ಒರತೆ ಸಿಕ್ಕರೆ ನೀರು ತಾನಾಗಿ ಹೊರಗೆ ಹರಿದುಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಹಗಲು ರಾತ್ರಿ ಸಣ್ಣಗೆ ಹರಿಯುತ್ತಲೇ ಇರುತ್ತದೆ. ಅದನ್ನು ಮಣ್ಣಿನ ಟ್ಯಾಂಕಿಯಲ್ಲಿ ತುಂಬಿಸಿಕೊಂಡು ಅಡಿಕೆಗೆ ಬಿಡುತ್ತಾರೆ.

ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ ಮುಗಿಸಿ ಬಂದು, ದೀಪದ ಬೆಳಕಿನಲ್ಲಿ ಒಬ್ಬರೇ ಸುರಂಗ ಕೊರೆದರು. ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಊರವರು ಬಿಟ್ಟುಬಿಡು ಎಂದರೂ ಬಿಡದೆ ಮತ್ತೆ ಕೊರೆದು ನೀರು ಕಂಡರು, ಬೋಳುಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಷ್ಟು ಕೊರೆದು ಪಡೆದ ನೀರನ್ನು ಅವರು ಗಿಡಕ್ಕೆ ಹನಿಸುವಾಗ ತೋರುವ ಮಿತವ್ಯಯ, ಸ್ವಿಚ್ಚು ಒತ್ತಿ ನೀರು ಪಡೆಯುವ ನಮಗೆಲ್ಲ ಪಾಠ.

ಸುರಂಗದ ದೂರದ ಬಂಧು ಇರಾನಿನ ಖನಾತ್. ಗೊನಾಬಾದ್‌ನ ಖನಾತ್ 33 ಕಿ.ಮೀ. ಉದ್ದವಿದೆ, ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನದು, ಈಗಲೂ ಹರಿಯುತ್ತಿದೆ. ಅದೇ ವಿದ್ಯೆ ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿಗೆ ಬಂತು. ಅಲ್ಲಿನ ನೌಬಾದ್ ಕರೇಜ್‌ನ ಗಾಳಿಬಾವಿಗಳನ್ನು ಇತ್ತೀಚೆಗೆ ಹೂಳು ತೆಗೆದು ಬೆಳಕಿಗೆ ತಂದಿದ್ದಾರೆ.

ಕರಾವಳಿಯವರಿಗೆ ‘ಕಟ್ಟ’ ಗೊತ್ತು. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಮಣ್ಣು, ಕಲ್ಲು, ಸೊಪ್ಪುಗಳಿಂದ ಊರವರೇ ಕಟ್ಟುವ ತಾತ್ಕಾಲಿಕ ಒಡ್ಡು ಅದು. ಮುಂದಿನ ಮಳೆಗಾಲಕ್ಕೆ ಕೊಚ್ಚಿಹೋದರೆ ಯಾರೂ ಮರುಗುವುದಿಲ್ಲ, ಮತ್ತೆ ಕಟ್ಟುತ್ತಾರೆ. ಕಟ್ಟದ ನೀರಿಗಿಂತ ಅದು ನೆಲಕ್ಕೆ ಇಂಗಿಸುವ ನೀರಿನ ಲಾಭ ದೊಡ್ಡದು. ಸುತ್ತಲಿನ ಬಾವಿಗಳ ಮಟ್ಟ ಬೇಸಗೆಯಲ್ಲೂ ಇಳಿಯುವುದಿಲ್ಲ. ಹಲಗೆ ಹಾಕಿ ತೆಗೆಯುವ ಕಿಂಡಿ ಅಣೆಕಟ್ಟು ಇದರದೇ ಸಿಮೆಂಟಿನ ರೂಪ.

ಕಪಿಲೆಯನ್ನು ಕಂಡವರು ಈಗ ಕಡಿಮೆ. ಬಾವಿಯ ಬಾಯಿಂದ ಇಳಿಜಾರಾಗಿ ಮಾಡಿದ ದಾರಿಯಲ್ಲಿ ಜೋಡೆತ್ತು ಇಳಿದರೆ ಹಗ್ಗ ಎಳೆದು ಚರ್ಮದ ಚೀಲ ಮೇಲೆ ಬರುತ್ತಿತ್ತು. ಎತ್ತಿನ ದೇಹದ ಭಾರವೂ ಎಳೆತಕ್ಕೆ ಸೇರಲಿ ಎಂದೇ ಆ ಇಳಿಜಾರು. ಚೀಲಕ್ಕೆ ಆನೆಯ ಸೊಂಡಿಲಿನಂತೆ ಒಂದು ಕೊಳವೆ, ಅದಕ್ಕೆ ಬೇರೆಯದೇ ಸಣ್ಣ ಹಗ್ಗ. ಬಾವಿಯೊಳಗೆ ಮೇಲ್ಮುಖವಾಗಿ ಮಡಚಿಕೊಂಡಿದ್ದ ಸೊಂಡಿಲು, ಮೇಲೆ ಬರುತ್ತಿದ್ದಂತೆ ಚಾಚಿಕೊಂಡು ನೀರನ್ನು ತೊಟ್ಟಿಗೆ ತಾನೇ ಸುರಿಯುತ್ತಿತ್ತು. ಸುರಿಯಲು ಬೇರೆ ಆಳು ಬೇಕಿರಲಿಲ್ಲ.

ಏತದಲ್ಲಿ ತೊಲೆಯ ಮೇಲೆಯೇ ಒಬ್ಬ ಹಿಂದೆ ಮುಂದೆ ನಡೆಯುತ್ತಿದ್ದ. ಅವನ ತೂಕವೇ ಯಂತ್ರ. ಮೆಸೊಪೊಟೇಮಿಯಾದವರೂ ಈಜಿಪ್ಟಿನವರೂ ಸಾವಿರಾರು ವರ್ಷ ಹಿಂದೆ ಇದೇ ತತ್ವದ ಏತ ಬಳಸುತ್ತಿದ್ದರು. ಸಿರಿಯಾದ ಹಮಾ ನಗರದಲ್ಲಿ ಹೊಳೆಯ ಹರಿವಿನಿಂದಲೇ ತಿರುಗಿ ನೀರೆತ್ತುವ ಮರದ ಚಕ್ರಗಳಿವೆ, ದೊಡ್ಡದರ ವ್ಯಾಸ ಸುಮಾರು 20 ಮೀಟರ್.

ಕರೆಂಟೂ ಇಲ್ಲದೆ, ಡೀಸೆಲ್ಲೂ ಇಲ್ಲದೆ, ನೀರಿನ ಬಲದಿಂದಲೇ ನೀರೆತ್ತುವ ಪಂಪು ಇದೆ, ಗೊತ್ತೇ? ಹೈಡ್ರಾಲಿಕ್ ರ‍್ಯಾಮ್. ಬಿಸಿಗಾಳಿ ಬಲೂನು ಹಾರಿಸಿದ ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಸಹೋದರರಲ್ಲಿ ಹಿರಿಯನಾದ ಜೋಸೆಫ್ 1796ರಲ್ಲಿ ಇದನ್ನು ಮಾಡಿದ. ಇಳಿಜಾರಿನ ಪೈಪಿನಲ್ಲಿ ರಭಸವಾಗಿ ಬರುವ ನೀರಿಗೆ ಕವಾಟ ಫಕ್ಕನೆ ಮುಚ್ಚಿಕೊಂಡರೆ ಒತ್ತಡ ಏರುತ್ತದೆ. ಆ ಒತ್ತಡ ಸ್ವಲ್ಪ ನೀರನ್ನು ಎತ್ತರಕ್ಕೆ ತಳ್ಳುತ್ತದೆ. ಬಂದ ನೀರಿನಲ್ಲಿ ಹೆಚ್ಚಿನ ಪಾಲು ಕೆಳಗೆ ಹರಿದುಹೋಗುತ್ತದೆ, ಮೇಲೇರುವುದು ಸಣ್ಣ ಪಾಲು. ಆದರೆ ಇಪ್ಪತ್ತನಾಲ್ಕು ಗಂಟೆಯೂ ಏರುತ್ತದೆ. ವರ್ಷವಿಡೀ ಹರಿಯುವ ಝರಿ ಇರುವ ಮಲೆನಾಡಿನ ಇಳಿಜಾರಿಗೆ ಹೇಳಿ ಮಾಡಿಸಿದ ಸಾಧನ ಇದು. ಇನ್ನಷ್ಟು ತೋಟಗಳಲ್ಲಿ ಇದರ ಸದ್ದು ಕೇಳಬೇಕಿತ್ತು.

ಕೃಷ್ಣದೇವರಾಯ ಹೊಸಪೇಟೆ ಬಳಿ ದೊಡ್ಡ ಕೆರೆ ಕಟ್ಟಿಸಲು ಪೋರ್ಚುಗೀಸ್ ಎಂಜಿನಿಯರನೊಬ್ಬನ ನೆರವು ಪಡೆದಿದ್ದ. ಕೆಲಸ ನಡೆಯುತ್ತಿದ್ದಾಗ ಅಲ್ಲಿ 15ರಿಂದ 20 ಸಾವಿರ ಜನ ಇದ್ದರೆಂದು ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ರಾಜಧಾನಿ 1565ರಲ್ಲಿ ಕುಸಿಯಿತು, ವಿಜಯನಗರ ಕಾಲದ ಕಾಲುವೆಗಳು ಕುಸಿಯಲಿಲ್ಲ. ಹಂಪಿಯ ಬಾಳೆತೋಟಗಳ ಪಕ್ಕದಲ್ಲಿ ಹರಿಯುವ ತುರ್ತಾ ಕಾಲುವೆಗೆ ಒಮ್ಮೆ ಕೈ ಅದ್ದಿ ನೋಡಿ, ಸ್ಮಾರಕಗಳ ನಡುವೆ ಇಂದಿಗೂ ಕೆಲಸದಲ್ಲಿರುವುದು ಅದೇ.

ಹಳೆಯ ಕಾಲುವೆಯ ಮಾತು ಬಂದಾಗ ಚೀನಾದ ದುಜಿಯಾಂಗ್‌ಯಾನ್ ಬಿಡಲಾಗದು. ಕ್ರಿಸ್ತಪೂರ್ವ 256ರ ಸುಮಾರಿಗೆ ಲೀ ಬಿಂಗ್ ಎಂಬ ಅಧಿಕಾರಿ ಅಣೆಕಟ್ಟನ್ನೇ ಕಟ್ಟದೆ ನದಿಯನ್ನು ಎರಡಾಗಿ ಸೀಳಿ ನೀರು ತಿರುಗಿಸಿದ. ಸಿಡಿಮದ್ದು ಇನ್ನೂ ಇರಲಿಲ್ಲ. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ತಣ್ಣೀರು ಸುರಿದು ಬಿರಿಸಿದರು. ಆ ವ್ಯವಸ್ಥೆ ಇಂದೂ ಲಕ್ಷಾಂತರ ಹೆಕ್ಟೇರಿಗೆ ನೀರುಣಿಸುತ್ತಿದೆ.

ವಿಶ್ವೇಶ್ವರಯ್ಯನವರು ಎಂದರೆ ಕನ್ನಂಬಾಡಿ ಎನ್ನುತ್ತೇವೆ. ಅವರ ಸ್ವಯಂಚಾಲಿತ ಗೇಟುಗಳು ಮೊದಲು ಕೂತದ್ದು ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ, 1903ರಲ್ಲಿ. ನೀರು ಒಂದು ಮಟ್ಟ ಮೀರಿದರೆ ಗೇಟು ತಾನೇ ತೆರೆದು, ಇಳಿದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಅವರ ಇನ್ನೊಂದು ಕೊಡುಗೆಯ ಬಗ್ಗೆ ಮಾತು ಕಡಿಮೆ. ಮುಂಬೈ ಪ್ರಾಂತ್ಯದ ಕಾಲುವೆಗಳಲ್ಲಿ ಅವರು ತಂದ ‘ಬ್ಲಾಕ್ ಪದ್ಧತಿ’ ಅದು. ಒಂದೊಂದು ಊರಿನ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬು, ಭತ್ತ, ಕಡಿಮೆ ನೀರಿನ ಬೆಳೆ ಸರದಿಯಲ್ಲಿ ಬರುವಂತೆ ಮಾಡಿದರು. ನೀರು ಕಾಲುವೆ ತಲೆಯ ಊರಿನವರಿಗಷ್ಟೇ ಮುಗಿಯದೆ ಹೆಚ್ಚು ಊರಿಗೆ ತಲುಪಬೇಕು, ಒಂದೇ ನೆಲದಲ್ಲಿ ನೀರು ನಿಂತು ಕೆಡಬಾರದು ಎಂಬುದು ಉದ್ದೇಶ.

ಆ ಎಚ್ಚರಿಕೆ ತಪ್ಪಿದರೆ ಏನಾಗುತ್ತದೆ? ತುಂಗಭದ್ರಾ ಎಡದಂಡೆಯನ್ನು ನೋಡಿ. ಹೆಚ್ಚಿನ ನೆಲಕ್ಕೆ ಯೋಜಿಸಿದ್ದು ಕಡಿಮೆ ನೀರಿನ ಬೆಳೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ಪ್ರತಿ ಬೇಸಗೆ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಮೇಲ್ಭಾಗದ ಗದ್ದೆಗಳಲ್ಲಿ ಸವುಳು-ಜವಳು. ನೀರು ಬಸಿಯದೆ ನಿಂತಾಗ ನೆಲದಾಳದ ಲವಣ ನೀರಿನೊಂದಿಗೆ ಮೇಲೆ ಬರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ ಎದ್ದರೆ ಅದೇ ಗುರುತು. ಮೆಸೊಪೊಟೇಮಿಯಾದ ಸುಮೇರಿಯನ್ನರ ನೆಲವೂ ಹೀಗೇ ಉಪ್ಪಾಗಿ, ಅವರು ಗೋಧಿ ಬಿಟ್ಟು ಉಪ್ಪು ತಡೆಯುವ ಬಾರ್ಲಿಗೆ ಹೋಗಬೇಕಾಯಿತು. ಪರಿಹಾರವಿದೆ: ನೆಲದಡಿ ತೂತಿನ ಪೈಪು ಹೂತು ಉಪ್ಪುನೀರು ಬಸಿಯುವುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ನೀರು ತರುವ ಕಾಲುವೆಗೆ ಸಿಗುವ ದುಡ್ಡು ನೀರು ಬಸಿಯುವ ಕಾಲುವೆಗೂ ಸಿಗಬೇಕು.

ಅದೇ ತುಂಗಭದ್ರಾ ಜಲಾಶಯ ಕಟ್ಟಿದಾಗ ಹಿಡಿಯುತ್ತಿದ್ದುದು ಸುಮಾರು 133 ಟಿಎಂಸಿ, ಈಗ 105.788 ಟಿಎಂಸಿ. ಉಳಿದದ್ದು ಹೂಳು. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್!

ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದರೂ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ 2022ರಲ್ಲಿ, 89 ವರ್ಷದ ಮೇಲೆ. ಮೂರನೆಯದಕ್ಕೆ ಅಷ್ಟು ಕಾಯಬೇಕಾಗಲಿಲ್ಲ, 2025ರ ಜನವರಿಯಲ್ಲೇ ಮತ್ತೆ ಕೋಡಿಮಟ್ಟವಾದ 130 ಅಡಿ ಮೀರಿತು.

ಹನಿ ನೀರಾವರಿ ಇಸ್ರೇಲಿನ ಕೊಡುಗೆ ಎಂದು ಓದಿದ್ದೇವೆ. ಅರ್ಧ ನಿಜ. ಮೇಘಾಲಯದ ಖಾಸಿ, ಜೈಂತಿಯಾ ಗುಡ್ಡಗಳಲ್ಲಿ ಸೀಳಿದ ಬಿದಿರಿನ ದೋಣಿಗಳಲ್ಲಿ ನೀರು ತರುವ ಪದ್ಧತಿ ಸುಮಾರು 200 ವರ್ಷದಿಂದ ಇದೆ. ಮೇಲಿನ ಝರಿಯಲ್ಲಿ ನಿಮಿಷಕ್ಕೆ 18ರಿಂದ 20 ಲೀಟರ್ ಒಳಬಂದ ನೀರು ಬಿದಿರಿನಿಂದ ಬಿದಿರಿಗೆ ಕವಲೊಡೆಯುತ್ತ, ವೀಳ್ಯದೆಲೆ ಬಳ್ಳಿಯ ಬುಡ ತಲುಪುವಾಗ ನಿಮಿಷಕ್ಕೆ 20ರಿಂದ 80 ಹನಿಯಾಗಿರುತ್ತದೆ. ಚೀನಾದಲ್ಲಿ ಎರಡು ಸಾವಿರ ವರ್ಷ ಹಿಂದಿನ ಕೃಷಿಗ್ರಂಥವೊಂದು ನೀರು ತುಂಬಿದ ಮಣ್ಣಿನ ಮಡಕೆಯನ್ನು ನೆಲದಲ್ಲಿ ಹೂತು ಸುತ್ತ ಬಳ್ಳಿ ಬೆಳೆಸುವುದನ್ನು ವಿವರಿಸುತ್ತದೆ. ಮಡಕೆಯ ವಿಶೇಷ ಏನೆಂದರೆ, ಸುತ್ತಲ ಮಣ್ಣು ಒಣಗಿದ್ದರೆ ನೀರನ್ನು ಎಳೆದುಕೊಳ್ಳುತ್ತದೆ, ಒದ್ದೆಯಾಗಿದ್ದರೆ ಎಳೆಯುವುದಿಲ್ಲ. ಗಿಡಕ್ಕೆ ಎಷ್ಟು ಬೇಕೋ ಅಷ್ಟೇ. ಹಿತ್ತಲಿನಲ್ಲಿ ಸಸಿ ನೆಡುವವರು ಬಣ್ಣ ಬಳಿಯದ, ಹೊಳಪಿಲ್ಲದ ಮಡಕೆ ಆರಿಸಿಕೊಳ್ಳಿ. ಹೊಳಪಿನದಾದರೆ ನೀರು ಜಿನುಗದು.

ಇಸ್ರೇಲಿನ ಸಿಮ್ಚಾ ಬ್ಲಾಸ್ ಕಂಡದ್ದು ಬೇರೆಯದೇ. ಸುತ್ತಲಿನ ಮರಗಳಿಗಿಂತ ಒಂದೇ ಮರ ದಷ್ಟಪುಷ್ಟವಾಗಿ ಬೆಳೆದಿತ್ತು. ನೋಡಿದರೆ ಅದರ ಬುಡದಲ್ಲಿ ಪೈಪಿನ ಜೋಡಣೆ ಸೋರುತ್ತಿತ್ತು. ಅದನ್ನು ಕಂಡದ್ದು 1930ರ ದಶಕದಲ್ಲಿ, ಹನಿ ಕೊಳವೆ ಕೈಗೂಡಿದ್ದು 1950ರ ದಶಕದ ಕೊನೆಗೆ. ಪ್ಲಾಸ್ಟಿಕ್ ಅಗ್ಗವಾಗುವವರೆಗೆ ಕಾಯಬೇಕಾಯಿತು. ಸಣ್ಣ ತೂತು ಮಾಡಿದರೆ ಕಸ ಕಟ್ಟಿಕೊಳ್ಳುತ್ತದೆ, ದೊಡ್ಡದು ಮಾಡಿದರೆ ನೀರು ಚಿಮ್ಮುತ್ತದೆ. ಅವರು ಕಂಡುಕೊಂಡ ದಾರಿ, ತೂತನ್ನು ಕಿರಿದು ಮಾಡುವ ಬದಲು ನೀರಿನ ದಾರಿಯನ್ನು ಸುತ್ತಿ ಸುತ್ತಿ ಉದ್ದ ಮಾಡುವುದು. ಸುತ್ತಿ ಬರುವಷ್ಟರಲ್ಲಿ ನೀರಿನ ರಭಸ ತಗ್ಗಿ ಹನಿಯಾಗುತ್ತದೆ. 1965ರಲ್ಲಿ ನೆಗೆವ್ ಮರುಭೂಮಿಯ ಹಟ್ಜೆರಿಮ್ ಕಿಬ್ಬುಟ್ಜ್‌ನಲ್ಲಿ ನೆಟಾಫಿಮ್ ಕಂಪನಿ ಹುಟ್ಟಿತು. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ರಾಮಥಾಳ ಯೋಜನೆಯಲ್ಲಿ ಇದೇ ತಂತ್ರವನ್ನು ಒಟ್ಟು 24,000 ಹೆಕ್ಟೇರಿಗೆ ಸಾಮುದಾಯಿಕವಾಗಿ ಅಳವಡಿಸಿದರು.

ಹನಿ ನೀರಾವರಿಯಿಂದ ನೀರು ಉಳಿಯುತ್ತದೆ ಎಂಬುದು ಒಂದು ಗಿಡದ ಲೆಕ್ಕದಲ್ಲಿ ಖಂಡಿತ ನಿಜ. ಊರಿನ ಲೆಕ್ಕ ಬೇರೆ. ಉಳಿದ ನೀರಿನಿಂದ ಇನ್ನೆರಡು ಎಕರೆಗೆ ಅಡಿಕೆ ಹಾಕಿದರೆ ಕೊಳವೆಬಾವಿಯಿಂದ ಹೊರಬರುವ ಒಟ್ಟು ನೀರು ಅಷ್ಟೇ ಇರುತ್ತದೆ, ಕೆಲವೊಮ್ಮೆ ಹೆಚ್ಚುತ್ತದೆ. ಪೈಪಿನ ಜೊತೆಗೆ ಊರಿನ ಒಪ್ಪಂದವೂ ಬೇಕು.

‘ಟಕ್ ಟಕ್’ ಎಂದು ತಿರುಗುತ್ತ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗೆ 1930ರ ದಶಕದ ಕ್ಯಾಲಿಫೋರ್ನಿಯಾ ತವರು, ಆರ್ಟನ್ ಎಂಗಲ್‌ಹಾರ್ಟ್ ಅದರ ಜನಕ.

ವಿಮಾನದಿಂದ ಅಮೆರಿಕದ ಬಯಲು ನೋಡಿದರೆ ಹಸಿರು ವೃತ್ತಗಳು ಕಾಣುತ್ತವೆ. ಕೊಲರಾಡೊದ ರೈತ ಫ್ರಾಂಕ್ ಜೈಬ್ಯಾಕ್ 1952ರಲ್ಲಿ ಪೇಟೆಂಟ್ ಪಡೆದ ಸೆಂಟರ್ ಪಿವಟ್ ಅದಕ್ಕೆ ಕಾರಣ. ಗಾಲಿಗಳ ಮೇಲಿನ ಉದ್ದನೆಯ ಪೈಪು ನಡುವಿನ ಬಾವಿಯ ಸುತ್ತ ಸುತ್ತುತ್ತ ನೀರೆರಚುತ್ತದೆ. ಚೌಕ ಹೊಲದ ಮೂಲೆಗಳು ಒಣಗೇ ಉಳಿಯುತ್ತವೆ, ಐದರಲ್ಲಿ ಒಂದು ಪಾಲಿಗೂ ಹೆಚ್ಚು. ಈ ವೃತ್ತಗಳಿಗೆ ನೀರು ಕೊಡುವ ಒಗಲಾಲ ಅಂತರ್ಜಲ ಮಾತ್ರ ಅನೇಕ ಕಡೆ ಕುಸಿಯುತ್ತಿದೆ.

ಲಡಾಖಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿತ್ತನೆಗೆ ನೀರು ಬೇಕು, ಹಿಮನದಿ ಕರಗುವುದು ಆಮೇಲೆ. ಸೋನಮ್ ವಾಂಗ್ಚುಕ್ ಮತ್ತು ವಿದ್ಯಾರ್ಥಿಗಳು ಚಳಿಗಾಲದ ತೊರೆನೀರನ್ನು ಪೈಪಿನಲ್ಲಿ ತಂದು ಗಾಳಿಗೆ ಚಿಮ್ಮಿಸಿ ಮಂಜಿನ ಸ್ತೂಪ ಕಟ್ಟಿದರು. ಶಂಕುವಿನಾಕಾರವಾದ್ದರಿಂದ ಬಿಸಿಲು ತಾಗುವ ಮೈ ಕಡಿಮೆ, ನಿಧಾನಕ್ಕೆ ಕರಗುತ್ತದೆ.

ಬೆಂಗಳೂರಿನವರು ಬಚ್ಚಲಲ್ಲಿ ಸುರಿದ ನೀರು ಕೋಲಾರದ ರೈತನ ಟೊಮೆಟೊಗೆ ಹೋಗುತ್ತದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜೂನ್‌ನಿಂದ ಶುದ್ಧೀಕರಿಸಿದ ಕೊಳಚೆನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆಯಿಂದ ನೇರ ಎತ್ತುವಂತಿಲ್ಲ. ಇಂಗಿ ಬಾವಿಗೆ ಬಂದದ್ದನ್ನು ಬಳಸಬೇಕು. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡ ರೈತರ ಹರ್ಷ ನಿಜ. ಮೂರನೆಯ ಹಂತದ ಶುದ್ಧೀಕರಣವೂ ಆಗಲಿ ಎಂಬ ಅವರ ಬೇಡಿಕೆಯೂ ಅಷ್ಟೇ ನ್ಯಾಯದ್ದು.

ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಈಗ ಗೇಟುಗಳು ಸೌರಶಕ್ತಿಯಿಂದ ಎದ್ದು ಇಳಿಯುತ್ತವೆ, ಎಷ್ಟು ನೀರು ಹೋಯಿತೆಂದು ಕಚೇರಿಯ ಪರದೆಗೆ ವರದಿ ಮಾಡುತ್ತವೆ. ನೀರಗಂಟಿಯ ಕೈ ಮಾಡುತ್ತಿದ್ದ ಕೆಲಸವೇ.

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ, 10 ಎಚ್‌ಪಿವರೆಗೆ ವಿದ್ಯುತ್ ಉಚಿತ. ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಟಾರ್ಚು ಹಿಡಿದು ಹಾವಿನ ಭಯದಲ್ಲಿ ತೋಟಕ್ಕೆ ಹೋಗಬೇಕು. ಅದಕ್ಕೇ ಮೊಬೈಲ್ ಸ್ಟಾರ್ಟರ್ ಇಷ್ಟು ಬೇಗ ಹರಡಿದ್ದು. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಒಂದು ಸಿಮ್. ಮಂಚದಲ್ಲಿ ಮಲಗಿದಲ್ಲಿಂದಲೇ ಕರೆ ಮಾಡಿದರೆ ಪಂಪು ಓಡುತ್ತದೆ, ಕರೆಂಟು ಹೋದರೆ ಅದೇ ತಿಳಿಸುತ್ತದೆ. ಹಗಲು ಹೊತ್ತಿನಲ್ಲೇ ಕರೆಂಟು ಕೊಟ್ಟರೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕೊನೆಗೆ ನಿಮ್ಮ ತೋಟದಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ ಮೂರು ನಿಮಿಷಕ್ಕೆ 200 ಮಿ.ಲೀ. ಕೊಡಬೇಕು, ಅಂದರೆ ಒಂದು ಲೋಟ. ಸಾಲಿನ ಮೊದಲ ಗಿಡದ ಕೆಳಗೊಂದು, ಕೊನೆಯ ಗಿಡದ ಕೆಳಗೊಂದು ಒಂದೇ ಅಳತೆಯ ಲೋಟ ಇಟ್ಟು ಮೂರು ನಿಮಿಷ ನೋಡಿ. ಕೊನೆಯದು ಅರ್ಧ ತುಂಬಿದ್ದರೆ ಮೊದಲು ಫಿಲ್ಟರ್ ತೊಳೆಯಿರಿ, ಆಮೇಲೆ ಲ್ಯಾಟರಲ್ ಪೈಪಿನ ಕೊನೆಯ ಮುಚ್ಚಳ ಬಿಚ್ಚಿ ಕೆಸರು ಹೋಗಿ ತಿಳಿನೀರು ಬರುವವರೆಗೆ ಬಿಡಿ. ಅಷ್ಟಾದರೂ ಸರಿಹೋಗದಿದ್ದರೆ ಪೈಪಿನುದ್ದಕ್ಕೂ ನಡೆದು ನೋಡಿ, ಇಲಿಯೋ ಅಳಿಲೋ ಕಡಿದ ತೂತು ಎಲ್ಲೋ ಇರುತ್ತದೆ.